ಘರಪಟ್ಟಿಯಲ್ಲಿ ಶಾಲೆಯ ಪಾಲು

ಆರು ತಿಂಗಳಿಗೊಮ್ಮೆ ಬೇಲಾಪುರದ ಮನೆಗಳಿಗೆ ನವಿ ಮುಂಬಯಿ ಮಹಾನಗರಪಾಲಿಕೆಯ ಆಸ್ತಿಕರದ ಬಿಲ್ಲು ಬರುತ್ತದೆ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರು ಇದನ್ನು ಮರಾಠಿಯ ಹೆಸರಿನಿಂದಲೇ ‘ಘರಪಟ್ಟಿ’ ಎಂದು ಕರೆಯುವುದು ರೂಢಿ. ಬಿಲ್ಲು ಕೈಗೆ ಬಂದೊಡನೆ ಗೃಹಸ್ಥನ ಕಣ್ಣು ಹಾಯುವುದು ಅಡಿಯಲ್ಲಿರುವ ಒಟ್ಟು ಮೊತ್ತದ ಕಡೆಗೆ. ಆ ಬಳಿಕ ಕಟ್ಟಬೇಕಾದ ಕೊನೆಯ ತಾರೀಖಿನ ಕಡೆಗೆ. ನಡುವಿನ ಸಾಲುಗಳನ್ನು ಓದುವವರು ವಿರಳ. ಅಲ್ಲಿ ಸಾಮಾನ್ಯ ಕರವಿದೆ, ಮರಗಳ ಹೆಸರಿನಲ್ಲಿ ಒಂದು ಕರವಿದೆ, ಅವುಗಳ ನಡುವೆ ರಾಜ್ಯ ಸರಕಾರದ ಶಿಕ್ಷಣ ಕರವೂ ಇದೆ. ಮನೆಯೊಡೆಯನ ಮಕ್ಕಳು ಶಾಲೆ ಮುಗಿಸಿ ಎಷ್ಟೋ ವರ್ಷಗಳಾಗಿರಬಹುದು, ಮಕ್ಕಳೇ ಇಲ್ಲದಿರಬಹುದು. ಆದರೂ ಆ ಸಾಲು ತಪ್ಪುವುದಿಲ್ಲ.

ಈ ಸಾಲು ಬಿಲ್ಲಿನೊಳಗೆ ಸೇರಿದ್ದು ಹೇಗೆ? ಸೇರಿಸುವಾಗ ಯಾರನ್ನು ಕೇಳಿದರು? ಇಂದು ಅದನ್ನು ತೆಗೆಯಬೇಕೆಂಬ ಮಾತು ಬಂದಾಗ ಯಾರನ್ನು ಕೇಳುತ್ತಾರೆ? ಇವು ಲೆಕ್ಕದ ಪ್ರಶ್ನೆಗಳಂತೆ ಕಂಡರೂ ಬರೀ ಲೆಕ್ಕದವಲ್ಲ.

ಕೇಳುವ ಪದ್ಧತಿ ಇರುವ ಊರಿನಿಂದಲೇ ಪ್ರಾರಂಭಿಸುವುದು ಒಳ್ಳೆಯದು. ಬೇಲಾಪುರದ ನಿವೃತ್ತ ದಂಪತಿಗಳು ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಕ್ಕೆ ಹೋಗಿ ಆರು ತಿಂಗಳು ಇದ್ದು ಬರುವುದು ಈಗ ಹೊಸ ಸಂಗತಿಯಲ್ಲ. ಚುನಾವಣೆಯ ಕಾಲವಾಗಿದ್ದರೆ ಅಲ್ಲಿನ ಅಂಚೆಪೆಟ್ಟಿಗೆಯಲ್ಲಿ, ಪೌರತ್ವ ಪಡೆದ ಅಳಿಯನ ಹೆಸರಿಗೆ, ಮತಪತ್ರದ ಜೊತೆಗೆ ಒಂದು ಪುಸ್ತಿಕೆಯೂ ಬಂದಿರುತ್ತದೆ. ಆ ಊರಿನ ಶಾಲಾ ಜಿಲ್ಲೆಯು ಪ್ರತಿಯೊಂದು ನಿವೇಶನದ ಮೇಲೆ ವರ್ಷಕ್ಕೆ ಇಷ್ಟು ಡಾಲರು ಎಂದು, ಇಷ್ಟು ವರ್ಷಗಳವರೆಗೆ ಎಂದು, ಇಂಥಿಂಥ ಕೆಲಸಕ್ಕೆ ಎಂದು ಕರ ವಿಧಿಸಲು ಮತದಾರರ ಅನುಮತಿ ಕೇಳುತ್ತದೆ. ಪುಸ್ತಿಕೆಯಲ್ಲಿ ಪರವಾದ ವಾದವಿರುತ್ತದೆ, ಅದರ ಮಗ್ಗುಲಲ್ಲೇ ವಿರೋಧದ ವಾದವಿರುತ್ತದೆ, ಸರಕಾರಿ ವಕೀಲರ ನಿಷ್ಪಕ್ಷಪಾತ ವಿವರಣೆಯೂ ಇರುತ್ತದೆ. ಹೌದು ಅಥವಾ ಅಲ್ಲ ಎಂದು ಗುರುತು ಹಾಕಿ ಕಳುಹಿಸಬೇಕು. ಅರುವತ್ತೈದು ದಾಟಿದ ಮನೆಯೊಡೆಯರು ಅರ್ಜಿ ಕೊಟ್ಟರೆ ಬಿಟ್ಟುಬಿಡುವ ಏರ್ಪಾಡು ಇಂಥ ಅನೇಕ ಕರಗಳಲ್ಲಿದೆ. ನಮ್ಮಲ್ಲಿಂದ ಹೋದ ಹಿರಿಯರಿಗೆ ಇದನ್ನು ಓದಿದಾಗ ಬೆರಗಾಗುತ್ತದೆ. ಜೀವಮಾನವೆಲ್ಲ ಕರ ಕಟ್ಟಿದವರನ್ನು ಒಮ್ಮೆಯೂ ಯಾರೂ ಹೀಗೆ ಕೇಳಿದ್ದಿಲ್ಲ.

ಆದರೆ ಆ ವ್ಯವಸ್ಥೆಯ ಬೆನ್ನ ಹಿಂದೆ ಒಂದು ಕಥೆಯಿದೆ. 1978ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯದ ಮತದಾರರು ಹದಿಮೂರನೆಯ ಪ್ರಸ್ತಾವ ಎಂದು ಹೆಸರಾದ ತಿದ್ದುಪಡಿಯನ್ನು ಅಂಗೀಕರಿಸಿದರು. ಮನೆಯ ಮೌಲ್ಯದ ನೂರಕ್ಕೆ ಒಂದಕ್ಕಿಂತ ಹೆಚ್ಚು ಆಸ್ತಿಕರ ಕೂಡದು. ಮನೆ ಕೈಬದಲಾಗುವ ತನಕ ಕರದ ಲೆಕ್ಕಕ್ಕೆ ಹಿಡಿಯುವ ಮೌಲ್ಯ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಕೂಡದು. ವಿಶೇಷ ಉದ್ದೇಶಕ್ಕೆ ಹೊಸ ಕರ ಬೇಕಿದ್ದರೆ ಸ್ಥಳೀಯ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ನಿವೃತ್ತಿಯ ವರಮಾನದಲ್ಲಿ ಬದುಕುವವರು ಏರುತ್ತಿದ್ದ ಮನೆಕರವನ್ನು ಕಟ್ಟಲಾಗದೆ ತತ್ತರಿಸುತ್ತಿದ್ದುದು ನಿಜ. ಅವರ ಭಯವೇ ಆ ಮತಕ್ಕೆ ಬಲವಾಯಿತು. ಪರಿಣಾಮವಾಗಿ ಆಸ್ತಿಕರದ ಆದಾಯ ಒಂದೇ ಏಟಿಗೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಬೇಸಿಗೆಯ ತರಗತಿಗಳು ನಿಂತವು, ಗ್ರಂಥಾಲಯಗಳ ಬಾಗಿಲು ಬೇಗ ಮುಚ್ಚತೊಡಗಿತು, ಶಾಲೆಗಳ ಖರ್ಚಿನ ಭಾರ ರಾಜ್ಯ ಸರಕಾರದ ಮೇಲೆ ಬಿತ್ತು. ಇಂದು ನೂರಕ್ಕೆ ಅರುವತ್ತು ಮಂದಿ ‘ಹೌದು’ ಎಂದರೂ ಶಾಲೆಯ ಕರ ಬಿದ್ದುಹೋಗುವುದುಂಟು, ಏಕೆಂದರೆ ಮೂರರಲ್ಲಿ ಎರಡು ಪಾಲು ಆಗಲಿಲ್ಲ. 2000ನೆಯ ಇಸವಿಯಲ್ಲಿ ಶಾಲಾ ಕಟ್ಟಡದ ಸಾಲಪತ್ರಗಳಿಗೆ ಮಾತ್ರ ಈ ಮಿತಿಯನ್ನು ನೂರಕ್ಕೆ ಐವತ್ತೈದಕ್ಕೆ ಇಳಿಸಿದರು. ಜನರನ್ನು ಕೇಳಿದರೆ ಸಾಲದು. ಹೇಗೆ ಕೇಳುತ್ತಾರೆ ಎಂಬುದರ ಮೇಲೆಯೂ ಶಾಲೆಯ ಗತಿ ನಿಂತಿದೆ.

ಇಂಥ ಪದ್ಧತಿ ನಮ್ಮ ಮಣ್ಣಿಗೆ ಸಂಬಂಧವೇ ಇಲ್ಲದ್ದು ಎಂದು ತಿಳಿಯುವುದು ತಪ್ಪು. ಇಂದಿನ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಬಳ್ಳಾರಿಗಳು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1863ರಲ್ಲಿ, ಆ ಪ್ರಾಂತದಲ್ಲಿ ಒಂದು ಶಿಕ್ಷಣ ಕಾಯಿದೆ ಬಂದಿತ್ತು. ಊರಿನ ನಿವಾಸಿಗಳು ಸ್ವಇಚ್ಛೆಯಿಂದ ಒಪ್ಪಿದರೆ ಶಾಲೆಗಾಗಿ ತಮ್ಮ ಮೇಲೆ ತಾವೇ ಕರ ಹಾಕಿಕೊಳ್ಳಬಹುದು ಎಂಬುದು ಅದರ ತಿರುಳು. ಗೋದಾವರಿ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಜನರೇ ಒಪ್ಪಿ ಶಾಲೆಗೆ ಹಣ ಕೊಡುತ್ತಿದ್ದ ಅನುಭವ ಅದಕ್ಕೆ ಪ್ರೇರಣೆ. ಕಾಯಿದೆ ಹೆಚ್ಚು ದೂರ ನಡೆಯಲಿಲ್ಲ. 1871ರಲ್ಲಿ ಬಂದ ಸ್ಥಳೀಯ ನಿಧಿಗಳ ಕಾಯಿದೆಯಲ್ಲಿ ಊರ ಶಾಲೆಗಳಿಗೆಂದು ಮನೆಯ ಮೇಲೆಯೇ ಕರ ವಿಧಿಸುವ ಅವಕಾಶವಿತ್ತು. ಜನ ಅದನ್ನು ಎಷ್ಟು ದ್ವೇಷಿಸಿದರೆಂದರೆ ಸರಕಾರ ಕೆಲವೇ ವರ್ಷಗಳಲ್ಲಿ ಆ ಮನೆಕರದಿಂದ ಹಿಂದೆ ಸರಿಯಿತು. ಕೇಳಿ ಹಾಕಿದ ಕರ ಬೆಳೆಯಲಿಲ್ಲ, ಕೇಳದೆ ಹಾಕಿದ್ದು ಉಳಿಯಲಿಲ್ಲ.

ಠಾಣೆ, ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಗಳೆಲ್ಲ ಸೇರಿದ್ದ ಮುಂಬಯಿ ಪ್ರಾಂತದ ದಾರಿ ಬೇರೆಯಾಗಿತ್ತು. 1850ರ ದಶಕದಲ್ಲಿ ಅಲ್ಲಿ ಅರೆಸ್ವಾವಲಂಬಿ ಶಾಲೆಗಳೆಂಬ ಕ್ರಮವಿತ್ತು. ಮಾಸ್ತರರ ಸಂಬಳದಲ್ಲಿ ಅರ್ಧವನ್ನು ಊರಿನವರು ಕೊಡಬೇಕು, ಶಾಲೆಗೆ ಜಾಗ ಒದಗಿಸಬೇಕು. ಹಾಗಾದರೆ ಮಿಕ್ಕರ್ಧ ಸರಕಾರದ್ದು. ಅನುಕೂಲವುಳ್ಳ ಹಳ್ಳಿಗೆ ಶಾಲೆ ಬಂತು. ಬಡ ಹಳ್ಳಿ ಕಾಯುತ್ತ ಕುಳಿತಿತು. 1860ರ ದಶಕದಲ್ಲಿ ಇದರ ಜಾಗಕ್ಕೆ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ನಿಧಿ ಕರ ಬಂತು. ಅದರಲ್ಲಿ ಮೂರನೆಯ ಒಂದು ಪಾಲು ಶಾಲೆಗಳಿಗೆ, ಉಳಿದದ್ದು ರಸ್ತೆ ಮುಂತಾದ ಕೆಲಸಗಳಿಗೆ. 1869ರಲ್ಲಿ ಅದಕ್ಕೆ ಕಾಯಿದೆಯ ಬಲವೂ ದೊರೆಯಿತು. ಉತ್ತರ ಕರ್ನಾಟಕದ ಹಳ್ಳಿಗಳ ಹಳೆಯ ಕನ್ನಡ ಶಾಲೆಗಳಲ್ಲಿ ಅನೇಕವು ಈ ಒಂದಾಣೆಯ ಅನ್ನವುಂಡೇ ಬೆಳೆದವು. ಕೊಟ್ಟವನು ರೈತ. ಆದರೆ ಶಾಲೆಯ ಬೆಂಚಿನ ಮೇಲೆ ಅವನ ಮಗ ಕೂತಿದ್ದನೇ? 1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿರಾವ್ ಫುಲೆಯವರು ಎತ್ತಿದ ಆಕ್ಷೇಪ ಇದೇ. ರೈತನ ಬೆವರಿನಿಂದ ಬಂದ ಕಂದಾಯ ಮೇಲ್ವರ್ಗದವರ ಉನ್ನತ ಶಿಕ್ಷಣಕ್ಕೆ ಹರಿಯುತ್ತಿದೆ, ಅವನ ಮಕ್ಕಳು ಅಕ್ಷರವಿಲ್ಲದೆ ಉಳಿದಿದ್ದಾರೆ ಎಂದು ಅವರು ನಿವೇದಿಸಿದರು. ಕಡೆಗೆ ಹನ್ನೆರಡು ವರ್ಷದವರೆಗಾದರೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಬೇಕೆಂದು ಕೇಳಿದರು. ಕರ ಕಟ್ಟುವವನು ಒಬ್ಬ, ಫಲ ಉಣ್ಣುವವನು ಇನ್ನೊಬ್ಬ ಎಂಬ ದೂರು ಘರಪಟ್ಟಿಯ ಇಂದಿನ ಚರ್ಚೆಯಲ್ಲಿಯೂ ಕೇಳಿಬರುತ್ತದೆ, ತಿರುಗುಮುರುಗಾಗಿ. ಆ ಮಾತು ಮುಂದೆ ಬರುತ್ತದೆ.

ಈ ಚರಿತ್ರೆಯಲ್ಲಿ ಮನಸ್ಸು ನಿಲ್ಲುವ ಘಟ್ಟವೆಂದರೆ ಗೋಪಾಲ ಕೃಷ್ಣ ಗೋಖಲೆಯವರ ಮಸೂದೆ. 1911ರ ಜನಗಣತಿಯಂತೆ ಭಾರತದಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು ಆರು ಮಂದಿ. ಆ ವರ್ಷದ ಮಾರ್ಚ್ 16ರಂದು ಗೋಖಲೆಯವರು ವೈಸರಾಯರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಅದು ಅತ್ಯಂತ ಸೌಮ್ಯವಾದ ಮಸೂದೆ. ದೇಶಕ್ಕೆಲ್ಲ ಒಮ್ಮೆಲೇ ಕಡ್ಡಾಯವೆನ್ನಲಿಲ್ಲ. ಯಾವ ಪುರಸಭೆ ಅಥವಾ ಜಿಲ್ಲಾ ಬೋರ್ಡಿನ ಎಲ್ಲೆಯಲ್ಲಿ ನಿರ್ದಿಷ್ಟ ಪ್ರಮಾಣದ ಮಕ್ಕಳು ಆಗಲೇ ಶಾಲೆಗೆ ಹೋಗುತ್ತಿದ್ದಾರೋ ಅಲ್ಲಿ, ಆ ಸಂಸ್ಥೆಯೇ ಇಚ್ಛಿಸಿದರೆ, ಸರಕಾರದ ಒಪ್ಪಿಗೆ ಪಡೆದು ಆರರಿಂದ ಹತ್ತು ವರ್ಷದ ಹುಡುಗರಿಗೆ ಶಿಕ್ಷಣವನ್ನು ಕಡ್ಡಾಯ ಮಾಡಬಹುದು. ಹುಡುಗಿಯರ ವಿಷಯವನ್ನು ಮುಂದಿನ ಕಾಲಕ್ಕೆ ಬಿಡಲಾಗಿತ್ತು. ಖರ್ಚಿಗಾಗಿ ಸ್ಥಳೀಯ ಸಂಸ್ಥೆ ಶಿಕ್ಷಣ ಕರ ವಿಧಿಸಬಹುದು. ಅದು ಒಂದು ಪಾಲು ಹಾಕಿದರೆ ಸರಕಾರ ಎರಡು ಪಾಲು ಹಾಕಬೇಕು. ತಿಂಗಳಿಗೆ ಹತ್ತು ರೂಪಾಯಿಗಿಂತ ಕಡಿಮೆ ವರಮಾನದ ಪಾಲಕರಿಂದ ಶುಲ್ಕ ಕೇಳಕೂಡದು. ಇಂಗ್ಲೆಂಡಿನ 1870ರ ಶಿಕ್ಷಣ ಕಾಯಿದೆಯ ದಾರಿ ಗೋಖಲೆಯವರ ಕಣ್ಣ ಮುಂದಿತ್ತು. ಅಲ್ಲಿ ಕರ ಕಟ್ಟುವವರೇ ಆರಿಸಿದ ಶಾಲಾ ಮಂಡಲಿಗಳು ಊರಿನ ಕರದಿಂದ ಶಾಲೆ ನಡೆಸುತ್ತಿದ್ದವು. ಇನ್ನೂ ಹತ್ತಿರದಲ್ಲಿ ಬಡೋದೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ತಮ್ಮ ಸಂಸ್ಥಾನಕ್ಕೆಲ್ಲ ಶಿಕ್ಷಣವನ್ನು ಕಡ್ಡಾಯ ಮಾಡಿದ್ದರು. ದೇಶೀಯ ದೊರೆಗೆ ಸಾಧ್ಯವಾದದ್ದು ಸಾಮ್ರಾಜ್ಯಕ್ಕೆ ಏಕೆ ಅಸಾಧ್ಯ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಅಧಿಕಾರಿಗಳಿಗೆ ಸುಲಭವಿರಲಿಲ್ಲ.

ಆದರೂ ಉತ್ತರ ಕೊಟ್ಟರು. ಜನರಿಗೆ ಇದು ಬೇಕಿಲ್ಲ ಎಂದರು. ಹೊಸ ಕರವನ್ನು ಜನ ಸಹಿಸುವುದಿಲ್ಲ ಎಂದರು. ಪ್ರಾಂತೀಯ ಸರಕಾರಗಳ ಅಭಿಪ್ರಾಯ ವಿರುದ್ಧವಾಗಿದೆ ಎಂದರು. ಜಮೀನುದಾರ ಸದಸ್ಯರು ಅಧಿಕಾರಿಗಳ ಜೊತೆಗೂಡಿದರು. 1912ರ ಮಾರ್ಚ್ 19ರಂದು ಮತಕ್ಕೆ ಹಾಕಿದಾಗ ಮಸೂದೆಯ ಪರವಾಗಿ 13, ವಿರುದ್ಧವಾಗಿ 38. ಜನರಿಗೆ ಬೇಕಿಲ್ಲ ಎಂದು ಹೇಳಿದ ಆ ಸಭೆಯಲ್ಲಿ ಜನ ಆರಿಸಿ ಕಳುಹಿಸಿದವರು ಎಷ್ಟು ಮಂದಿ ಇದ್ದರು ಎಂದು ಎಣಿಸಿದರೆ ನಗು ಬರುತ್ತದೆ. ಶಾಲೆಯ ಕರಕ್ಕಾಗಿ ಇಡೀ ದೇಶದ ಹೆಸರಿನಲ್ಲಿ ನಡೆದ ಮತದಾನವೆಂದು ಹೇಳಬಹುದಾದದ್ದು ಇದೊಂದೇ, ಅದರಲ್ಲಿ ದೇಶಕ್ಕೆ ಮತವಿರಲಿಲ್ಲ. ಮೂರು ವರ್ಷಗಳ ಬಳಿಕ, 1915ರಲ್ಲಿ, ಗೋಖಲೆಯವರು ತೀರಿಕೊಂಡರು.

ಸೋತ ಮಸೂದೆ ಸುಮ್ಮನೆ ಸಾಯಲಿಲ್ಲ. ವಿಠ್ಠಲಭಾಯಿ ಪಟೇಲರು ಅದೇ ತತ್ತ್ವವನ್ನು ಮುಂಬಯಿ ಪ್ರಾಂತದ ಶಾಸನಸಭೆಗೆ ತಂದು 1918ರಲ್ಲಿ ಕಾಯಿದೆ ಮಾಡಿಸಿದರು. ಮುಂಬಯಿ ನಗರ ಬಿಟ್ಟು ಉಳಿದ ಪುರಸಭೆಗಳು ತಮ್ಮ ಇಚ್ಛೆಯಂತೆ ಶಿಕ್ಷಣವನ್ನು ಕಡ್ಡಾಯಗೊಳಿಸಬಹುದಾಯಿತು, ಅದಕ್ಕೆ ಕರವನ್ನೂ ಹಾಕಬಹುದಾಯಿತು. ಈ ಬಾರಿ ಹುಡುಗಿಯರನ್ನೂ ಬಿಡಲಿಲ್ಲ. ಮುಂಬಯಿ ನಗರದಲ್ಲಿ 1925ರಲ್ಲಿ ‘ಎಫ್’ ಮತ್ತು ‘ಜಿ’ ವಾರ್ಡುಗಳಲ್ಲಿ, ಎಂದರೆ ಗಿರಣಿ ಕೆಲಸಗಾರರು ಕಿಕ್ಕಿರಿದಿದ್ದ ಭಾಗದಲ್ಲಿ, ಕಡ್ಡಾಯ ಶಿಕ್ಷಣ ಜಾರಿಗೆ ಬಂತು. ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತ್ತು; 1930ರ ಕಾನೂನಿನಿಂದ ಶಾಲೆಗಳನ್ನು ಸ್ಥಳೀಯ ಶಿಕ್ಷಣ ಸಂಸ್ಥೆಗಳಿಗೆ ಒಪ್ಪಿಸಿ ನೋಡಿದರು, 1941ರಲ್ಲಿ ಮತ್ತೆ ಸರಕಾರವೇ ಹಿಂದಕ್ಕೆ ತೆಗೆದುಕೊಂಡಿತು. ಶಾಲೆ ಊರಿನದೋ ಸರಕಾರದ್ದೋ ಎಂಬ ಈ ಓಲಾಟ ಇನ್ನೂ ಮುಗಿದಿಲ್ಲ. ನಮ್ಮ ಸಂವಿಧಾನದಲ್ಲಿಯೂ ಅದರ ಗುರುತಿದೆ. ಪಂಚಾಯತಿಗಳ ಹನ್ನೊಂದನೆಯ ಅನುಸೂಚಿಯಲ್ಲಿ ಪ್ರಾಥಮಿಕ ಮತ್ತು ಮಾಧ್ಯಮಿಕ ಶಾಲೆಗಳ ಹೆಸರು ಸ್ಪಷ್ಟವಾಗಿದೆ; ನಗರಗಳ ಹನ್ನೆರಡನೆಯ ಅನುಸೂಚಿಯಲ್ಲಿ ಸಾಂಸ್ಕೃತಿಕ, ಶೈಕ್ಷಣಿಕ ಮತ್ತು ಸೌಂದರ್ಯದ ಅಂಶಗಳ ಪ್ರೋತ್ಸಾಹ ಎಂಬ ಜಾಳು ಮಾತು ಮಾತ್ರ. ಸುದೈವದಿಂದ ಮಹಾರಾಷ್ಟ್ರದ 1949ರ ಮಹಾನಗರಪಾಲಿಕೆ ಕಾಯಿದೆಯಂತೆ ಪ್ರಾಥಮಿಕ ಶಾಲೆಗಳು ಪಾಲಿಕೆಯ ಕಡ್ಡಾಯ ಕರ್ತವ್ಯಗಳ ಸಾಲಿಗೆ ಸೇರಿವೆ.

ಬೇಲಾಪುರದ ಬಿಲ್ಲಿನಲ್ಲಿರುವ ಸಾಲಿನ ಮೂಲ 1962ರ ಮಹಾರಾಷ್ಟ್ರ ಶಿಕ್ಷಣ ಕರ ಕಾಯಿದೆ. ನಗರದಲ್ಲಿ ಭೂಮಿ–ಕಟ್ಟಡಗಳ ಮೇಲೆ, ಹಳ್ಳಿಗಳಲ್ಲಿ ನೀರಾವರಿಯ ವಾಣಿಜ್ಯ ಬೆಳೆಗಳ ಮೇಲೆ ಈ ಕರ. ನಗರದಲ್ಲಿ ವಸೂಲಿ ಮಾಡುವುದು ಪಾಲಿಕೆ. ಹಣ ಸೇರಬೇಕಾದದ್ದು ರಾಜ್ಯ ಸರಕಾರಕ್ಕೆ. ವಾಸದ ಮನೆಗೆ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ನೂರಕ್ಕೆ ಎರಡರಿಂದ ಆರರವರೆಗೆ, ಅಂಗಡಿ–ಕಚೇರಿಗಳಿಗೆ ಅದರ ಇಮ್ಮಡಿ. ಅತ್ಯಂತ ಮೇಲಿನ ದರ ಪ್ರಾರಂಭವಾಗುವುದು ವರ್ಷಕ್ಕೆ ಆರು ಸಾವಿರ ರೂಪಾಯಿ ಬಾಡಿಗೆ ಮೌಲ್ಯದಿಂದ. ತಿಂಗಳಿಗೆ ಐನೂರು ರೂಪಾಯಿ ಬಾಡಿಗೆಯ ಮನೆ ಶ್ರೀಮಂತರ ಮನೆ ಎನಿಸಿದ್ದ ಕಾಲದ ಅಳತೆಯದು. ಇಂದಿನ ಹೊಸ ಕಟ್ಟಡಗಳ ಫ್ಲ್ಯಾಟುಗಳಿಗೆ ಶ್ರೀಮಂತರ ದರವೇ ಸರಿ. ಪಾಲಿಕೆಯ ಪುಸ್ತಕದಲ್ಲಿ ಒಂದು ಮನೆಯ ವಾರ್ಷಿಕ ಬಾಡಿಗೆ ಮೌಲ್ಯ 12,000 ರೂಪಾಯಿ ಎಂದಿದ್ದರೆ ಶಿಕ್ಷಣ ಕರ ವರ್ಷಕ್ಕೆ 720 ರೂಪಾಯಿ, ತಿಂಗಳಿಗೆ ಅರುವತ್ತು. ಅದೇ ಮೌಲ್ಯದ ಅಂಗಡಿಗೆ 1,440. ಪಾಲಿಕೆಯ ಬಾಡಿಗೆ ಮೌಲ್ಯ ಪೇಟೆಯ ನಿಜವಾದ ಬಾಡಿಗೆಗಿಂತ ಬಹಳ ಕೆಳಗಿರುತ್ತದೆಂಬುದನ್ನು ಮರೆಯಬಾರದು. ಮುಂಬಯಿಯಲ್ಲಿ 2010ರಿಂದ ಬಾಡಿಗೆಯ ಲೆಕ್ಕ ಬಿಟ್ಟು ಆಸ್ತಿಯ ಬಂಡವಾಳ ಮೌಲ್ಯದ ಲೆಕ್ಕ ಹಿಡಿದಿದ್ದಾರೆ. ಅಲ್ಲಿನ ಬಿಲ್ಲಿನಲ್ಲಿ ಪಾಲಿಕೆಯ ಶಿಕ್ಷಣ ಕರವೊಂದು, ರಾಜ್ಯದ ಶಿಕ್ಷಣ ಕರವೊಂದು, ಹೀಗೆ ಎರಡು ಸಾಲುಗಳಿವೆ.

ಕಟ್ಟಿದ ಹಣ ಶಾಲೆಗೇ ಹೋಯಿತೇ ಎಂಬ ಸಂಶಯಕ್ಕೆ ಆಧಾರವಿಲ್ಲದಿಲ್ಲ. ಕೇಂದ್ರ ಸರಕಾರ 2004ರಲ್ಲಿ ಆದಾಯಕರ ಮುಂತಾದವುಗಳ ಮೇಲೆ ನೂರಕ್ಕೆ ಎರಡರಂತೆ ಪ್ರಾಥಮಿಕ ಶಿಕ್ಷಣದ ಕರವನ್ನೂ, 2007ರಲ್ಲಿ ಮಾಧ್ಯಮಿಕ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದನ್ನೂ ಸೇರಿಸಿತು. ಮೊದಲಿನದಕ್ಕೆ ಒಂದು ನಿಧಿ ತೆರೆದರು. ಎರಡನೆಯದಕ್ಕೆ ಹತ್ತು ವರ್ಷ ನಿಧಿಯನ್ನೇ ತೆರೆಯಲಿಲ್ಲ. ಎಂಬತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿದ ಹಣ ಆ ಹೆಸರಿನಲ್ಲಿ ಬಂದು ಸರಕಾರದ ಸಾಮಾನ್ಯ ಬೊಕ್ಕಸದಲ್ಲಿ ಬೆರೆತುಹೋಯಿತು ಎಂದು ಮಹಾಲೇಖಪಾಲರ ವರದಿಗಳು ಬೆರಳು ತೋರಿಸಿದವು. ಗಿರಾಕಿಯೊಬ್ಬ ಒಂದು ಖಾತೆಗೆಂದು ಕೊಟ್ಟ ಹಣವನ್ನು ಇನ್ನೊಂದಕ್ಕೆ ಜಮಾ ಮಾಡಿದರೆ ಬ್ಯಾಂಕಿನ ಗುಮಾಸ್ತನಿಗೆ ಅದೇ ಸಂಜೆ ಉತ್ತರ ಕೊಡಬೇಕಾಗುತ್ತದೆ. 2018ರಲ್ಲಿ ಎರಡನ್ನೂ ಕೂಡಿಸಿ ಆರೋಗ್ಯ ಮತ್ತು ಶಿಕ್ಷಣ ಕರ ಎಂದು ನೂರಕ್ಕೆ ನಾಲ್ಕು ಮಾಡಿದರು.

ಈ ಹಿನ್ನೆಲೆಯಲ್ಲಿ ಕರಮುಕ್ತಿಯ ಆಶ್ವಾಸನೆ ಜನರಿಗೆ ಸಿಹಿಯಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. 2017ರ ಮುಂಬಯಿ ಮಹಾನಗರಪಾಲಿಕೆ ಚುನಾವಣೆಯಲ್ಲಿ 500 ಚದರಡಿವರೆಗಿನ ಮನೆಗಳಿಗೆ ಆಸ್ತಿಕರ ಮನ್ನಾ ಎಂಬುದು ಒಂದು ಪ್ರಮುಖ ಪಕ್ಷದ ಘೋಷಣೆಯಾಗಿತ್ತು. 2019ರಲ್ಲಿ ಮನ್ನಾ ಆದದ್ದು ಸಾಮಾನ್ಯ ಕರ ಮಾತ್ರ. ಶಿಕ್ಷಣ ಕರ ಮೊದಲಾದ ಉಳಿದ ಸಾಲುಗಳು ಹಾಗೆಯೇ ನಿಂತವು. ಬಿಲ್ಲು ಬಂದಾಗ ಜನ ಕಂಗೆಟ್ಟರು. ಮನ್ನಾ ಎಂದರೆ ಸೊನ್ನೆ ಎಂದು ಎಲ್ಲರೂ ಎಣಿಸಿದ್ದರು. 2022ರ ಜನವರಿಯಲ್ಲಿ ಪೂರ್ಣ ಮನ್ನಾ ಘೋಷಣೆಯಾಯಿತು. ಸುಮಾರು 16 ಲಕ್ಷ ಮನೆಗಳು, ವರ್ಷಕ್ಕೆ 460 ಕೋಟಿ ರೂಪಾಯಿಯ ಆಸುಪಾಸು, ಎಂಬುದು ಆಗ ಹೇಳಲಾದ ಲೆಕ್ಕ. ಶಾಲೆಯ ಸಾಲೂ ಅದರೊಡನೆ ಅಳಿಸಿಹೋಯಿತು. ಇರುಕು ಕೋಣೆಯಲ್ಲಿ ಆರು ಮಂದಿ ಬಾಳುವ ಕುಟುಂಬಕ್ಕೆ ಅದು ನಿಜವಾದ ಉಪಕಾರವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಕ್ಯಾಲಿಫೋರ್ನಿಯದ ಪುಸ್ತಿಕೆಯಲ್ಲಿ ಇರುವ ಹಾಗೆ, ‘ಇಷ್ಟು ಉಳಿಯುತ್ತದೆ, ಇಂಥದ್ದು ನಿಲ್ಲುತ್ತದೆ’ ಎಂಬ ಎರಡು ಕಲಮುಗಳನ್ನು ಮತದಾರನ ಮುಂದೆ ಯಾರೂ ಇಡಲಿಲ್ಲ. ನಮ್ಮಲ್ಲಿ ಕರದ ಪ್ರಶ್ನೆ ಮತಗಟ್ಟೆಗೆ ಬರುವುದು ಬಿಟ್ಟುಬಿಡುವ ಭರವಸೆಯಾಗಿ ಮಾತ್ರ. ಕೊಡುವಿರಾ ಎಂಬ ಕೋರಿಕೆಯಾಗಿ ಬಂದದ್ದಿಲ್ಲ.

ಖಾಡಿಯ ಈಚೆಗೂ ಆ ಗಾಳಿ ಬೀಸಿತು. ನವಿ ಮುಂಬಯಿ ಪಾಲಿಕೆಯ ಮಹಾಸಭೆ 2019ರಲ್ಲಿ 500 ಚದರಡಿವರೆಗಿನ ಮನೆಗಳಿಗೆ ಮನ್ನಾ ಬೇಕೆಂಬ ಪ್ರಸ್ತಾವವನ್ನು ಅಂಗೀಕರಿಸಿ ರಾಜ್ಯ ಸರಕಾರಕ್ಕೆ ಕಳುಹಿಸಿತು. ಅದು ವರ್ಷಗಟ್ಟಲೆ ಕಡತದಲ್ಲೇ ಉಳಿಯಿತು. 1992ರ ಜನವರಿ 1ರಂದು ಕಾರ್ಯಾರಂಭ ಮಾಡಿದ ಈ ಪಾಲಿಕೆಯಲ್ಲಿ ಕರದ ದರವನ್ನು ಏರಿಸದಿರುವುದು ಬಹುಕಾಲದಿಂದ ಒಂದು ಹೆಮ್ಮೆಯ ಮಾತು. ಇನ್ನು 2020ರ ಮೇ ತಿಂಗಳಲ್ಲಿ ನಗರಸೇವಕರ ಅವಧಿ ಮುಗಿದ ಮೇಲೆ 2026ರ ಜನವರಿಯಲ್ಲಿ ಚುನಾವಣೆ ನಡೆಯುವ ತನಕ, ಐದು ವರ್ಷಕ್ಕೂ ಮಿಕ್ಕಿ, ಆಡಳಿತಾಧಿಕಾರಿಯೇ ಸರ್ವಸ್ವ. ಕರ ಗೊತ್ತುಮಾಡಿದವರೂ ಅವರೇ, ಶಾಲೆಗೆ ಎಷ್ಟೆಂದು ತೀರ್ಮಾನಿಸಿದವರೂ ಅವರೇ. ನಾಗರಿಕ ಬಿಲ್ಲು ಕಟ್ಟಿದ. ಅವನ ಪರವಾಗಿ ಕೈ ಎತ್ತುವವರು ಸಭಾಗೃಹದಲ್ಲಿ ಇರಲಿಲ್ಲ.

ಈಗ ಫುಲೆಯವರ ದೂರಿನ ತಿರುಗುಮುರುಗು ರೂಪಕ್ಕೆ ಬರಬಹುದು. ಬೇಲಾಪುರದ ಕನ್ನಡ ಗೃಹಸ್ಥರಲ್ಲಿ ಬಹುಮಂದಿಯ ಮಕ್ಕಳು ಖಾಸಗಿ ಆಂಗ್ಲ ಮಾಧ್ಯಮ ಶಾಲೆಗಳಲ್ಲಿ ಓದಿದವರು. ಸಿಡ್ಕೊ ಸಂಸ್ಥೆ ಹೊಸ ನಗರ ಕಟ್ಟುವಾಗ ಶಿಕ್ಷಣ ಸಂಸ್ಥೆಗಳಿಗೆ ನಿವೇಶನಗಳನ್ನು ತೆಗೆದಿರಿಸಿತು. ಮಧ್ಯಮ ವರ್ಗ ಅಲ್ಲಿಗೆ ಹೋಯಿತು. ‘ಎರಡೆರಡು ಸಲ ಏಕೆ ಕೊಡಬೇಕು, ಒಮ್ಮೆ ಶುಲ್ಕವಾಗಿ, ಒಮ್ಮೆ ಕರವಾಗಿ?’ ಎಂಬುದು ಗೃಹನಿರ್ಮಾಣ ಸಂಘಗಳ ಸಭೆಗಳಲ್ಲಿ ಕೇಳಿಬರುವ ಮಾತು. ಹಾಗಾದರೆ ಪಾಲಿಕೆಯ ಶಾಲೆಯಲ್ಲಿ ಕೂತಿರುವವರು ಯಾರು? ಆ ಸಂಘಗಳ ಮನೆಗಳಲ್ಲಿ ಪಾತ್ರೆ ತೊಳೆಯುವವಳ ಮಕ್ಕಳು. ಬೆಳಗಿನಲ್ಲಿ ನಾಕಾದ ಮೇಲೆ ಕೂಲಿಗಾಗಿ ಕಾದು ನಿಲ್ಲುವವರ ಮಕ್ಕಳು. ಆ ನಾಕಾಗಳಲ್ಲಿ ಕಿವಿಗೊಟ್ಟರೆ ವಿಜಯಪುರ, ಕಲಬುರಗಿಯ ಕನ್ನಡವೂ ಕೇಳಿಸುತ್ತದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತ ಬಂದಿದೆ, ಕನ್ನಡ ಅವುಗಳಲ್ಲಿ ಒಂದು. ಮುಂಬಯಿಯ ಎಷ್ಟೋ ಕನ್ನಡಿಗರ ಮೊದಲ ಅಕ್ಷರ ಆ ಪಾಲಿಕೆಯ ಕನ್ನಡ ಶಾಲೆಗಳಲ್ಲಿ ತಿದ್ದಿದ್ದು. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಪೀಳಿಗೆಯೂ ಅವರ ನಡುವೆ ಇತ್ತು. ಅವರಿಗೆ ಶಾಲೆ ಕಟ್ಟಿಕೊಟ್ಟ ಕರ ಕಟ್ಟಿದವರು ಮಲಬಾರ್ ಹಿಲ್ಲಿನ, ಕೋಟೆಯ ಮನೆಯೊಡೆಯರೂ ಹೌದು; ಅವರ ಮಕ್ಕಳು ಆ ಶಾಲೆಗಳಲ್ಲಿ ಓದಿದವರಲ್ಲ. ಹಿಂದೆ ಪಡೆದ ಪಾಲನ್ನು ಈ ದಂಡೆಯಲ್ಲಿ ಕೊಡುವ ಸರದಿ ಬಂದಾಗ ರಸೀದಿ ನೋಡಿ ಮುಖ ಸಿಂಡರಿಸುವುದು ಅಷ್ಟೊಂದು ಶೋಭಿಸುವುದಿಲ್ಲ.

ಇಂಥ ಸಂಚಿಕೆಗಳಲ್ಲಿ ಮಕ್ಕಳ ರಕ್ತಹೀನತೆಯ ಬಗೆಗೆ, ಹಲ್ಲು ಕಣ್ಣುಗಳ ಬಗೆಗೆ ವೈದ್ಯರು ಬರೆಯುವುದುಂಟು. ಬಡ ಮಗುವಿನ ಮಟ್ಟಿಗೆ ಆ ಸಲಹೆಗಳೆಲ್ಲ ತಲುಪುವ ಒಂದೇ ಬಾಗಿಲು ಶಾಲೆ. ಒಂದರಿಂದ ಐದನೆಯ ಇಯತ್ತೆಯ ಮಗುವಿಗೆ ಮಧ್ಯಾಹ್ನದ ಊಟದಲ್ಲಿ 450 ಕ್ಯಾಲರಿ, 12 ಗ್ರಾಂ ಸಸಾರಜನಕ. ಆರರಿಂದ ಎಂಟರ ಮಗುವಿಗೆ 700 ಕ್ಯಾಲರಿ, 20 ಗ್ರಾಂ ಎಂದು ನಿಯಮವಿದೆ. ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ ಕೊಡುವುದೂ ಅಲ್ಲಿಯೇ. ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯವಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದರ ಮೇಲೆ ಏಳನೆಯ ಇಯತ್ತೆಯ ಬಳಿಕ ಹುಡುಗಿ ಶಾಲೆಗೆ ಬರುತ್ತಾಳೋ ಇಲ್ಲವೋ ಎಂಬುದು ಎಷ್ಟೋ ಸಲ ನಿಂತಿರುತ್ತದೆ. ಕರದ ಸಾಲನ್ನು ಅಳಿಸುವಾಗ ಅಥವಾ ಬೇರೆಡೆಗೆ ತಿರುಗಿಸುವಾಗ ಕೊರೆ ಬೀಳುವುದು ಇಂಥ ಕಡೆಗಳಲ್ಲಿಯೇ. ಕಟ್ಟಡದ ಉದ್ಘಾಟನೆಯ ಫಲಕಕ್ಕೆ ಅಲ್ಲ.

ಕರ್ನಾಟಕದ ಸ್ಥಿತಿಯನ್ನು ಹೋಲಿಸಿ ನೋಡುವ ಕುತೂಹಲ ಸಹಜ. ಬೆಂಗಳೂರಿನ ಆಸ್ತಿಕರದ ಮೇಲೆ ಬಹುಕಾಲ ನೂರಕ್ಕೆ 24ರಷ್ಟು ಮೇಲ್ಕರವಿತ್ತು: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಊರ ಮನೆಗಳ ಕರದಿಂದ ಊರಿಗೆ ಪುಸ್ತಕ ಕೊಳ್ಳುವ ಈ ಏರ್ಪಾಡು 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಬಂದದ್ದು. ಬೆಂಗಳೂರಿನಲ್ಲಿ ಮನೆಯೂ ಬೇಲಾಪುರದಲ್ಲಿ ಫ್ಲ್ಯಾಟೂ ಇರುವವರು ಎರಡೂ ರಸೀದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ಕ್ಯಾಲಿಫೋರ್ನಿಯದ ಮತಪತ್ರ ನಮಗೆ ಬರುವುದಿಲ್ಲ. ಬೇಕೆಂದು ಬಯಸುವುದೂ ಸರಿಯೋ ಎಂಬುದು ಚಿಂತಿಸತಕ್ಕ ವಿಷಯ. ಶ್ರೀಮಂತ ಊರು ತನ್ನ ಶಾಲೆಗೆ ಹೌದೆನ್ನುತ್ತದೆ, ಬಡ ಊರು ಹೌದೆಂದರೂ ಕೊಡಲು ಅದರ ಬಳಿ ಇರುವುದಿಲ್ಲ. ಅರ್ಧ ಸಂಬಳದ ಶಾಲೆಗಳ ಕಾಲದಲ್ಲಿ ಇದನ್ನು ನಮ್ಮ ಹಳ್ಳಿಗಳು ಅನುಭವಿಸಿ ನೋಡಿವೆ. ಆದರೆ ಇಲ್ಲಿಯೂ ವರ್ಷಕ್ಕೆ ಎರಡು ಕಡೆ ಕೈ ಎತ್ತುವ ಸಮಯ ಬರುತ್ತದೆ. ಒಂದು, ಪಾಲಿಕೆಯ ಸಭಾಗೃಹದಲ್ಲಿ. 1949ರ ಕಾಯಿದೆಯಂತೆ ಮರುವರ್ಷದ ಕರಗಳ ದರವನ್ನು ಪಾಲಿಕೆ ಫೆಬ್ರುವರಿ 20ರೊಳಗೆ ನಿಶ್ಚಯಿಸಬೇಕು. 2026ರಲ್ಲಿ ಚುನಾಯಿತರಾದ ನಗರಸೇವಕರು ಅದಕ್ಕೆ ಕೈ ಎತ್ತುವವರು, ಮತ್ತು ಅವರ ಮನೆಯ ಬಾಗಿಲು ಸೆಕ್ಟರಿನ ಯಾವ ರಸ್ತೆಯಲ್ಲಿದೆ ಎಂಬುದು ಎಲ್ಲರಿಗೂ ಗೊತ್ತು. ಇನ್ನೊಂದು, ಶಾಲೆಯಲ್ಲಿಯೇ. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿಯೊಂದು ಸರಕಾರಿ, ಪಾಲಿಕೆ ಹಾಗೂ ಅನುದಾನಿತ ಶಾಲೆಗೂ ವ್ಯವಸ್ಥಾಪನ ಸಮಿತಿ ಇರಬೇಕೆನ್ನುತ್ತದೆ. ಅದರ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು. ಪಾತ್ರೆ ತೊಳೆಯುವ ತಾಯಿಯೂ ನಾಕಾದ ಕೂಲಿಯೂ ಆ ಸಮಿತಿಯಲ್ಲಿ ಕೂಡುವ ಹಕ್ಕುಳ್ಳವರು. ಶಾಲೆಗೆ ಏನು ಬೇಕು, ಎಷ್ಟು ಹಣ ಬೇಕು ಎಂದು ಮೂರು ವರ್ಷಗಳ ಯೋಜನೆಯನ್ನು ಬರೆದುಕೊಡುವ ಕೆಲಸ ಆ ಸಮಿತಿಯದು. ಕನ್ನಡ ಮಾತ್ರ ಬಲ್ಲ ತಾಯಿಗೆ ಮರಾಠಿಯ ಅರ್ಜಿ ನಮೂನೆಯನ್ನು ಓದಿ ಹೇಳುವವರು, ಜಮಾ–ಖರ್ಚಿನ ಕಲಮುಗಳನ್ನು ಕೂಡಿಸಿ ಕೊಡುವವರು, ಈ ಊರಿನ ನಿವೃತ್ತ ಗುಮಾಸ್ತರಲ್ಲಿ, ಉಪಾಧ್ಯಾಯರಲ್ಲಿ, ಲೆಕ್ಕಪತ್ರ ಬಲ್ಲವರಲ್ಲಿ ಬೇಕಾದಷ್ಟಿದ್ದಾರೆ. ಕೇಂದ್ರದ ಮಾದರಿ ನಿಯಮಗಳು ಯೋಜನೆ ಸಿದ್ಧವಾಗಬೇಕೆನ್ನುವುದು ಆರ್ಥಿಕ ವರ್ಷ ಮುಗಿಯುವುದಕ್ಕೆ ಮೂರು ತಿಂಗಳು ಮೊದಲು. ಎಂದರೆ ಡಿಸೆಂಬರ್ ತಿಂಗಳ ಕೊನೆಯೊಳಗೆ.